ಖಾಲಿ ಹಾಳೆಯ ಹೆಂಗಸು

ಎರಡನೇ ಸಲ ಗುದ್ದಿದಾಗ ನನ್ನ ಕಾರಿನ ಹಿಂದಿನ ಬಂಪರ್ ಕಳಚಿ ರಸ್ತೆಗೆ ಬಿತ್ತು.

ಅದು ಉರುಳುವುದು ಕನ್ನಡಿಯಲ್ಲಿ ಕಾಣಿಸಿತು. ಆ ಬೂದು ಬಣ್ಣದ ಪಿಕಪ್ ಟ್ರಕ್ ಅದರ ಮೇಲೆಯೇ ಹತ್ತಿಸಿಕೊಂಡು ಬಂತು.

ಸೌತ್ ಕೆರೊಲಿನಾ. ಐ-85 ಹೆದ್ದಾರಿ. ಹಾಡಹಗಲು. ಎಡಕ್ಕೆ ಉದ್ದನೆಯ ಕಂಟೇನರ್ ಲಾರಿ. ಬಲಕ್ಕೆ ರಸ್ತೆ ರಿಪೇರಿಯ ಕಾಂಕ್ರೀಟ್ ಗೋಡೆ. ಮಧ್ಯದಲ್ಲಿ ನಾವು.

"ಬಾಬಾಜಾನ್ ಅಂಕಲ್, ಬ್ರೇಕ್ ಹಾಕ್ಬೇಡಿ," ಅಂದಳು ಪಕ್ಕದಲ್ಲಿದ್ದ ಚೇತನಾ.

"ಹಾಕಲ್ಲ ಕಣಮ್ಮ. ನೀನು ಡಬ್ಬಿ ಹಿಡ್ಕೋ."

"ಹಿಡ್ಕೊಂಡೇ ಇದೀನಿ. ಇದನ್ನ ಬಿಟ್ರೆ ಬೇರೇನಿದೆ ಹಿಡ್ಕೊಳ್ಳೋಕೆ?"

ಅವಳ ತೊಡೆಯ ಮೇಲಿದ್ದದ್ದು ಚಪ್ಪಟೆಯಾದ ಒಂದು ರಟ್ಟಿನ ಡಬ್ಬಿ. ಒಳಗೆ ಏನಿತ್ತು ಗೊತ್ತೇ?

ಒಂದು ಹಾಳೆ. ಬಿಳಿಯದು. ಖಾಲಿ.

ಖಾಲಿ ಕಾಗದಕ್ಕಾಗಿ ಯಾರಾದರೂ ಇನ್ನೊಬ್ಬರ ಕಾರಿಗೆ ಗುದ್ದುತ್ತಾರೆಯೇ? ಆ ಹೊತ್ತಿನಲ್ಲಿ ನನಗೂ ಅದೇ ಪ್ರಶ್ನೆ. ಉತ್ತರ ಯೋಚಿಸಲು ಪುರಸೊತ್ತಿರಲಿಲ್ಲ ಅಷ್ಟೆ.

ಕಂಟೇನರ್ ಲಾರಿ ಸ್ವಲ್ಪ ಹಿಂದೆ ಬಿತ್ತು. ಅದರ ಮೂಗಿನ ಮುಂದೆಯೇ ಎಡಕ್ಕೆ ನುಗ್ಗಿದೆ. ಹಾರ್ನ್ ಕಿವಿ ಹರಿಯಿತು. ಕಾಂಕ್ರೀಟ್ ಗೋಡೆ ಮುಗಿದ ಕಡೆ ಮತ್ತೆ ಬಲಕ್ಕೆ... ಎಕ್ಸಿಟ್ ಒಳಗೆ. ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕ್ ಕಾಣಿಸಿತು. ಗ್ಯಾಫ್ನಿ ಊರು.

ನನಗೆ ಹೆದರಿಕೆಯಾಗಿತ್ತು. ಹೆದರಲಿಲ್ಲ ಅಂತ ಹೇಳುವ ತನಿಖೆಯವರೂ ಇದ್ದಾರೆ. ನಾನು ಅವರಲ್ಲ.

ನನ್ನ ಕೆಲಸ ಇದು. ನಾರ್ತ್ ಕೆರೊಲಿನಾದ ಕ್ಯಾರಿ ಊರಿನಲ್ಲಿ ಒಂದು ಇನ್ಷೂರೆನ್ಸ್ ಆಫೀಸು, ಅಲ್ಲಿ ಸುಳ್ಳು ಹಿಡಿಯುವವನು. ತಮ್ಮ ಗೋಡೌನಿಗೆ ತಾವೇ ಬೆಂಕಿ ಇಟ್ಟವರು, ಸೊಂಟ ಮುರಿದಿದೆ ಅಂತ ಬರೆದುಕೊಟ್ಟು ಟೆನಿಸ್ ಆಡುವವರು... ಇಂಥವರು ನನ್ನ ಗಿರಾಕಿಗಳು. ಸಂಜೆ ಕ್ಲಾಸಿಗೆ ಹೋಗಿ ಹಳೆಯ ಕಾಗದ ಗುರುತಿಸುವುದನ್ನು ಒಂದಿಷ್ಟು ಕಲಿತೆ. ಅಂದಿನಿಂದ ಚಿತ್ರಗಳ ಕೇಸೆಲ್ಲ ನನ್ನ ಮೇಜಿಗೇ ಬರುತ್ತವೆ. ಪ್ರತಿ ಸಲವೂ ಅದೇ ಭಯ. ಈ ಸಲ ಎಲ್ಲರಿಗೂ ಗೊತ್ತಾಗಿಬಿಡುತ್ತದೆ, ಇವನಿಗೆ ಏನೂ ಬರುವುದಿಲ್ಲ ಅಂತ.

ಈ ಸಲ ಕಳೆದುಹೋದದ್ದು ಒಂದು ಫ್ರೆಂಚ್ ಚಿತ್ರ. ಹತ್ತೊಂಬತ್ತನೇ ಶತಮಾನದ್ದು. ತಾಮ್ರದ ತಗಡಿನ ಮೇಲೆ ಗೀರಿ, ಆಸಿಡ್‌ನಲ್ಲಿ ಕೊರೆಸಿ, ಗೀರುಗಳಿಗೆ ಮಸಿ ತುಂಬಿ ಕಾಗದಕ್ಕೆ ಒತ್ತಿ ತೆಗೆದದ್ದು. ಪ್ಯಾರಿಸ್ಸಿನ ಒಂದು ಸೇತುವೆ. ಒಂದು ಗ್ಯಾಸ್ ದೀಪ. ಮಿಕ್ಕಿದ್ದೆಲ್ಲ ಮಂಜು. ಆ ಮಂಜಿನೊಳಗೆ ಬಿಳಿ ಬಟ್ಟೆಯ ಹೆಂಗಸೊಬ್ಬಳು. ಪಾದಗಳಿಲ್ಲ. ಮುಖ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ತೋಳಿನಲ್ಲಿ ಏನೋ ಒಂದು ಗಂಟು.

ಚಿತ್ರದ ಯಜಮಾನ ಸೌರಭ್. ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್‌ನಲ್ಲಿ ಮನೆ, ಪಕ್ಕದ ಊರಿನಲ್ಲಿ ಸ್ವಂತ ಸಾಫ್ಟ್‌ವೇರ್ ಕಂಪನಿ. ಲಾಕ್‌ಡೌನ್ ಕಾಲದಲ್ಲಿ ಬೇಜಾರಿಗೆ ಆನ್‌ಲೈನ್ ಹರಾಜಿನಲ್ಲಿ ಕೊಂಡದ್ದು. ವಾಷಿಂಗ್ಟನ್ನಿನ ಗ್ಯಾಲರಿಯೊಂದು ದೆವ್ವದ ಚಿತ್ರಗಳ ಪ್ರದರ್ಶನ ಮಾಡುತ್ತೇವೆ, ನಿಮ್ಮದನ್ನೂ ಕೊಡಿ ಎಂದು ಕೇಳಿತು. ತರಲು ಹೋದವಳು ಚೇತನಾ. ಆ ಗ್ಯಾಲರಿಯಲ್ಲಿ ಹಳೆಯ ಕಾಗದಗಳನ್ನು ಜೋಪಾನ ಮಾಡುವವಳು. ವಾಷಿಂಗ್ಟನ್ ಹತ್ತಿರದ ಆಲ್ಡಿಯಲ್ಲಿ ಬಾಡಿಗೆ ರೂಮು, ಕೆಲಸದ ವೀಸಾ.

ಸೌರಭ್ ಮನೆಯಲ್ಲಿ ಚಿತ್ರ ಪರೀಕ್ಷಿಸಿದಳು. ಸರಿ ಇದೆ ಅಂತ ಸಹಿ ಹಾಕಿದಳು. ಬಟ್ಟೆ ಸುತ್ತಿ ಅಲ್ಲೇ ಇಟ್ಟು ಹೋಟೆಲಿಗೆ ಹೋದಳು. ಮರುದಿನ ಬೆಳಗ್ಗೆ ಸುತ್ತಿದ್ದನ್ನು ಸುತ್ತಿದಂತೆಯೇ ಪೆಟ್ಟಿಗೆಗೆ ಇಳಿಸಿದಳು.

ವಾಷಿಂಗ್ಟನ್ನಿನಲ್ಲಿ ಬಿಚ್ಚಿದರೆ ಫ್ರೇಮಿನೊಳಗೆ ಈ ಬಿಳಿ ಹಾಳೆ.

ಕೊನೆಗೆ ಮುಟ್ಟಿದವಳು ಅವಳು. ಸಹಿ ಅವಳದ್ದು. ನಾಳೆ ಬೆಳಗ್ಗೆ ಗ್ಯಾಲರಿಯವರು ಪೊಲೀಸರಿಗೆ ದೂರು ಕೊಡುತ್ತಾರೆ. ಕಳ್ಳಿ ಅಂತ. ಕೆಲಸ ಹೋಗುತ್ತದೆ, ಅದರ ಹಿಂದೆ ವೀಸಾ, ಅದರ ಹಿಂದೆ ಅವಳು.

ಹಾಳೆಯನ್ನು ತನಿಖೆಗೆಂದು ನಮ್ಮ ಆಫೀಸಿಗೆ ಕಳಿಸಿದ್ದರು. ಆರೋಪ ಹೊತ್ತವಳನ್ನು ಜೊತೆಗೆ ಕರೆದುಕೊಂಡು ಹೋಗುವುದು ನಿಯಮವಲ್ಲ. ಆದರೆ ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇಲ್ಲ. ಅವಳ ಕಣ್ಣು ಬೇಕಿತ್ತು. ಹಾಳೆ ತೆಗೆದುಕೊಂಡು ಬರುತ್ತೇವೆ ಅಂತ ಸೌರಭ್‌ಗೆ ಫೋನ್ ಮಾಡಿ ಅವನ ಮನೆಗೆ ಹೊರಟಿದ್ದೆವು.

ಗ್ಯಾಸ್ ಸ್ಟೇಷನ್ನಿಗೆ ಕಾರು ತಿರುಗಿಸಿದೆ. ಬೇಯಿಸಿದ ಕಡಲೆಕಾಯಿ ಮಾರುವ ಗಾಡಿಯೊಂದು ನಿಂತಿತ್ತು. ಅದರ ಪಕ್ಕದಲ್ಲಿ ಹೆದ್ದಾರಿ ಪೊಲೀಸಿನವನ ಕಾರು. ಅವನು ಕಡಲೆಕಾಯಿ ಕೊಳ್ಳುತ್ತಿದ್ದ. ಅವನ ಬೆನ್ನಿಗೆ ತಾಗುವಷ್ಟು ಹತ್ತಿರ ನಿಲ್ಲಿಸಿದೆ.

ಪಿಕಪ್ ಬಂತು. ಗಡ್ಡದವನೊಬ್ಬ ಇಳಿದ. ನಿಧಾನ ನಡಿಗೆ. ನನ್ನ ಕಿಟಕಿಗೆ ಬಾಗಿದ.

"ಹಲೋ, ನಾನು ಡೇಲ್. ಆ ಡಬ್ಬಿ ಕೊಟ್ಟುಬಿಡಿ," ಅಂದ. ಇಂಗ್ಲಿಷಿನಲ್ಲಿ, ಮಗುವನ್ನು ಮಲಗಿಸುವವನ ದನಿಯಲ್ಲಿ. "ಅದು ನನ್ನ ಯಜಮಾನರ ಆಸ್ತಿ."

"ಅವರೇ ಬಂದು ಕೇಳಲಿ."

"ಅವರು ಕೇಳುವುದಿಲ್ಲ. ಅದಕ್ಕೇ ನನಗೆ ಸಂಬಳ."

"ಇಲ್ಲಿ ಪೊಲೀಸ್ ಇದ್ದಾನೆ."

"ನೋಡಿದೆ. ಅಟ್ಲಾಂಟಾವರೆಗೂ ಅವನು ನಿಮ್ಮ ಜೊತೆ ಬರುತ್ತಾನಾ?" ಚೇತನಾಳ ಕಡೆ ನೋಡಿ ನಕ್ಕ. "ಮಿಸ್, ನಾಳೆ ನಿಮಗೆ ಕಷ್ಟದ ದಿನ. ಇವತ್ತನ್ನೂ ಯಾಕೆ ಹಾಳು ಮಾಡಿಕೊಳ್ಳುತ್ತೀರಿ?"

ಪೊಲೀಸಿನವನು ತಿರುಗಿದ. ಬಾಯಲ್ಲಿ ಕಡಲೆಕಾಯಿ. "ಎಲ್ಲ ಸರಿಯಿದೆಯಾ?"

"ಸರಿಯಿದೆ ಆಫೀಸರ್," ಅಂದ ಡೇಲ್.

"ನಿನ್ನ ಬಂಪರ್ ಎಲ್ಲಿ?" ಪೊಲೀಸಿನವನು ಕೇಳಿದ್ದು ನನ್ನನ್ನು.

ಹೇಳಬಹುದಿತ್ತು. ಹೇಳಿದರೆ ಡಬ್ಬಿ ಅವನ ವಶವಾಗುತ್ತದೆ, ಚೇತನಾಳ ಹೆಸರು ಅವನ ಕಂಪ್ಯೂಟರಿಗೆ ಹೋಗುತ್ತದೆ. ದಾರಿಯಲ್ಲಿ ಬಿದ್ದುಹೋಯಿತು ಅಂದೆ. ನನಗೆ ವಾರ್ನಿಂಗ್ ಬರೆದುಕೊಟ್ಟ. ಡೇಲ್ ಟ್ರಕ್ಕಿಗೆ ಒರಗಿ ನಿಂತು ಅದನ್ನೆಲ್ಲ ನೋಡಿ, ಟೋಪಿ ಮುಟ್ಟಿ, ಹೊರಟುಹೋದ.

"ಎಂಥ ಡಿಟೆಕ್ಟಿವ್ ಅಂಕಲ್ ನೀವು," ಅಂದಳು ಚೇತನಾ. "ಗುದ್ದಿಸ್ಕೊಂಡು ನೀವೇ ಟಿಕೆಟ್ ತಗೊಂಡ್ರಿ."

"ಟಿಕೆಟ್ ಅಲ್ಲ, ವಾರ್ನಿಂಗ್."

ಅವಳು ನಗಲಿಲ್ಲ. ಡಬ್ಬಿ ತೆರೆದಿದ್ದಳು. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಿಸಿಲಿಗೆ ಓರೆ ಮಾಡಿ ಹಿಡಿದಿದ್ದಳು.

"ಇದನ್ನ ಮುಟ್ಟೋಕೂ ಬಿಟ್ಟಿರ್ಲಿಲ್ಲ ನಂಗೆ. ಇವತ್ತೇ ನೋಡ್ತಿರೋದು." ದನಿ ಬದಲಾಗಿತ್ತು. "ಅಂಕಲ್... ಇದು ಖಾಲಿ ಅಲ್ಲ."

"ಏನು ಕಾಣ್ಸುತ್ತೆ?"

"ಗೀರುಗಳು. ಮಸಿ ಇಲ್ಲದ ಗೀರುಗಳು. ಸೇತುವೆ ಕಮಾನು ನೋಡಿ, ಇಲ್ಲಿ."

ನೋಡಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ, ದಿಂಬಿನ ಮೇಲೆ ಮಲಗಿ ಎದ್ದವನ ಕೆನ್ನೆಯ ಗೆರೆಗಳ ಹಾಗೆ, ಏನೋ ಇತ್ತು.

ಅವಳು ಬಿಡಿಸಿ ಹೇಳಿದಳು. ಆ ಕಾಲದ ಪ್ಯಾರಿಸ್ಸಿನವರು ಕೆಲವು ಚಿತ್ರಗಳನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದದ ಮೇಲೆ ಒತ್ತುತ್ತಿದ್ದರು. ಮಂಜು, ಹೊಗೆ ಎಲ್ಲ ಅದರ ಮೇಲೆ ನಯವಾಗಿ ಕೂರುತ್ತದೆ. ಆ ತೆಳು ಕಾಗದಕ್ಕೆ ಬೆನ್ನಾಗಿ ದಪ್ಪ ಹಾಳೆ, ನಡುವೆ ಗಂಜಿಯ ಅಂಟು. ಯಂತ್ರ ಎರಡನ್ನೂ ಒಟ್ಟಿಗೆ ಒತ್ತುತ್ತದೆ. ಮಸಿಯೆಲ್ಲ ತೆಳು ಕಾಗದಕ್ಕೆ. ಬೆನ್ನಿನ ಹಾಳೆಗೆ ಬರೀ ಒತ್ತಿದ ಗುರುತು.

"ಗಂಜಿ ಅಂಟು ನೀರಲ್ಲಿ ಬಿಡತ್ತೆ," ಅಂದಳು. "ಇದನ್ನ ಯಾರೂ ಕದ್ದಿಲ್ಲ. ಯಾರೋ ನೀರಿಗೆ ಹಾಕಿದಾರೆ. ಮೇಲಿನ ಕಾಗದ ಬಿಟ್ಕೊಂಡಿದೆ. ಇದು ಅದೇ ಚಿತ್ರದ ಬೆನ್ನು. ನಾನು ಬದಲಾಯಿಸಿಲ್ಲ ಅನ್ನೋಕೆ ಇದೇ ಸಾಕ್ಷಿ."

ಈಗ ಗೊತ್ತಾಯಿತು, ಡೇಲ್ ಯಾಕೆ ಗುದ್ದಿದ ಅಂತ.

ಫೋನಿನಲ್ಲಿ ಫೋಟೋ ತೆಗೆದೆ. ಬಿಳಿಯ ಮೇಲೆ ಬಿಳಿ. ಏನೂ ಬರಲಿಲ್ಲ. ಕತ್ತಲೆ ಕೋಣೆ ಬೇಕು, ಪಕ್ಕದಿಂದ ಬೀಳುವ ಬೆಳಕು ಬೇಕು ಅಂದಳು.

"ಯಾವ್ದಾದ್ರೂ ಮೋಟೆಲ್‌ನಲ್ಲಿ ರೂಮ್ ತಗೊಂಡು ತೆಗೆದುಬಿಡೋಣ್ವಾ?"

ನಾನು ಬೇಡ ಅಂದೆ. ಕಾಗದ ಬಿಡಿಸುವ ವಿದ್ಯೆ ಬರುವುದು ನಿನ್ನಂಥವರಿಗೆ, ಹಾಗಾಗಿ ನೀನೇ ಬಿಡಿಸಿದೆ ಅನ್ನುತ್ತಾರೆ, ಮೊದಲು ನೀರಿಗೆ ಹಾಕಿದವರು ಯಾರು ಅಂತ ತಿಳಿಯಲಿ ಅಂದೆ. ಬುದ್ಧಿವಂತಿಕೆಯ ಮಾತು ಅಂತಲೇ ಅನ್ನಿಸಿತ್ತು.

ದೊಡ್ಡ ರಸ್ತೆ ಬಿಟ್ಟು ಒಳದಾರಿಗಳಲ್ಲಿ ಓಡಿಸಿದೆ. ಜಾನ್ಸ್ ಕ್ರೀಕ್ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ಇನ್ನೂ ಇತ್ತು. ಒಂದೇ ಥರದ ಮನೆಗಳು, ಒಂದೇ ಥರದ ಹುಲ್ಲು. ಸೌರಭ್ ಮನೆಯ ಹಿಂದೆ ಮರಗಳ ಸಾಲು, ಅದರಾಚೆ ಚಟಹೂಚಿ ನದಿ. ಪಿಕಪ್ ಕಾಣಲಿಲ್ಲ.

ಬಾಗಿಲು ತೆರೆದವರು ಸೌರಭ್ ತಾಯಿ, ವರಲಕ್ಷ್ಮಿ ಆಂಟಿ. ಕಾಟನ್ ಸೀರೆಯ ಮೇಲೆ ಸ್ವೆಟರ್.

"ಅಯ್ಯೋ, ಚೇತನಾ ಅಲ್ವಾ? ಬಾಮ್ಮ. ಆವತ್ತು ಸೌತೆಕಾಯಿ ಹುಳಿ ಬಡಿಸಿದ್ನಲ್ಲ." ನನ್ನ ಕಡೆ ತಿರುಗಿದರು. "ಇವರು?"

"ಬಾಬಾಜಾನ್ ಅಂತ. ಮೈಸೂರು. ಲಷ್ಕರ್ ಮೊಹಲ್ಲಾ."

"ನಮ್ದು ನಜರ್‌ಬಾದ್. ಬನ್ನಿ ಬನ್ನಿ. ಮೆತ್ತಗೆ ಮಾತಾಡಿ, ಸೊಸೆ ಮೇಲೆ ಮಲಗಿದಾಳೆ. ಇಂದುಗೆ ಈಗ ರೆಸ್ಟ್ ಬೇಕು."

ಬೂಟು ಬಿಚ್ಚಿ ಒಳಗೆ ಹೋದೆವು. ಕಾಫಿ ಬಂತು. ದಾರಿಯುದ್ದಕ್ಕೂ ನಾನು ಹತ್ತಾರು ಪ್ರಶ್ನೆ ಜೋಡಿಸಿಕೊಂಡಿದ್ದೆ. ಚೇತನಾ ಒಂದೇ ಕೇಳಿದಳು.

"ಆಂಟಿ, ಆ ಪಟಾನ ನೀರಿಗೆ ಹಾಕಿದ್ರಾ?"

ಆಂಟಿಯ ಕೈಯಲ್ಲಿದ್ದ ಲೋಟ ನಿಂತಿತು. ಮೆಟ್ಟಿಲಿನ ಕಡೆ ಒಮ್ಮೆ ನೋಡಿದರು.

"ಸೌರಭ ಹೇಳ್ಬೇಡ ಅಂದಿದಾನೆ."

"ಹೇಳಿ ಆಂಟಿ. ನಂಗೆ ಬೇರೆ ಯಾರೂ ಇಲ್ಲ ಹೇಳೋರು."

"ಆ ಪಟದವಳು ಈ ಮನೆಗೆ ಬಂದ್ಮೇಲೆ ಇಂದುಗೆ ಎರಡು ಸಲ ಬಸಿರು ಹೋಯ್ತು ಕಣಮ್ಮ. ಎರಡು ಸಲ. ತೋಳಲ್ಲಿ ಏನೋ ಇಟ್ಕೊಂಡಿದಾಳಲ್ಲ, ಏನು ಅಂದ್ಕೊಂಡೆ ಅದು? ಬಟ್ಟೆ ಗಂಟಾ?" ದನಿ ಇನ್ನೂ ತಗ್ಗಿತು. "ಈಗ ಮತ್ತೆ ನಿಂತಿದೆ. ನೀನು ತಗೊಂಡು ಹೋಗ್ತೀಯ ಅಂದಾಗ ಖುಷಿಯಾಯ್ತು. ಆಮೇಲೆ ಗೊತ್ತಾಯ್ತು, ಪ್ರದರ್ಶನ ಮುಗಿದ್ಮೇಲೆ ವಾಪಸ್ ಬರತ್ತಂತೆ. ಅದಕ್ಕೇ..."

ಟಬ್ಬಿನಲ್ಲಿ ಉಪ್ಪು ನೀರು ಹಾಕಿ, ದೃಷ್ಟಿ ತೆಗೆದು, ಅವಳೊಬ್ಬಳನ್ನು ಮಾತ್ರ ಒರೆಸಿಬಿಡೋಣ ಅಂದುಕೊಂಡಿದ್ದರು ಆಂಟಿ. ಚಿತ್ರ ಉಳಿಯಲಿ, ಮಗ ದುಡ್ಡು ಕೊಟ್ಟು ತಂದದ್ದು.

"ಒರೆಸೋಕೆ ಮುಂಚೇನೇ ಬಿಟ್ಕೊಂಡ್ಲು. ಹಾಲಿನ ಕೆನೆ ಬಿಡತ್ತಲ್ಲ, ಹಾಗೆ. ಕಾಗದ ಕೆಳಗೆ, ಅವಳು ಮೇಲೆ. ನೀರಲ್ಲಿ ಮಲಗ್ಕೊಂಡು ನನ್ನೇ ನೋಡ್ತಿದ್ಲು. ನಂಗೆ ಜೀವ ಹೋದಂಗಾಯ್ತು."

"ಎಲ್ಲಿ ಈಗ ಅದು?"

"ಒಡೆದಿರೋ ದೇವರ ಪಟಾನ ಏನ್ಮಾಡ್ತೀವಿ? ಕಸಕ್ಕೆ ಹಾಕ್ತೀವಾ? ಹರಿಯೋ ನೀರಿಗೆ ಬಿಡ್ತೀವಿ. ಹಾಗೇ ಮಾಡ್ದೆ. ಬೆಳಗಾಗ್ತಿದ್ದಂಗೆ ಹಿಂದಿನ ಹೊಳೇಲಿ ಬಿಟ್ಟು ಕೈ ಮುಗಿದೆ. ಕಾಗದ ಒಣಗಿಸಿ, ಫ್ರೇಮಿಗೆ ಹಾಕಿ, ಹೇಗಿತ್ತೋ ಹಾಗೆ ಬಟ್ಟೆ ಸುತ್ತಿಟ್ಟೆ. ನೀನು ಬಿಚ್ಚಿ ನೋಡ್ತೀಯ ಅಂದ್ಕೊಂಡಿದ್ದೆ."

ಚೇತನಾ ಕಣ್ಣು ಮುಚ್ಚಿಕೊಂಡಳು. "ನೋಡ್ಲಿಲ್ಲ ಆಂಟಿ. ನಿಮ್ಮನೇನಲ್ಲಿಟ್ಟಿದ್ದು ಅಂತ ನೋಡ್ಲಿಲ್ಲ."

ಚಿತ್ರ ಹೋಯಿತು. ಆದರೆ ಬೆನ್ನಿನ ಹಾಳೆ ಇದೆ. ನೀರಿಗೆ ಹಾಕಿದವರೂ ಸಿಕ್ಕಿದ್ದಾರೆ. ಇನ್ನು ಬೇಕಿರುವುದು ಕಣ್ಣಿಗೆ ಕಾಣುವ ಒಂದು ಫೋಟೋ. ಅಷ್ಟಾದರೆ ಹುಡುಗಿ ಉಳಿದುಕೊಂಡಳು. ಆ ಮಧ್ಯಾಹ್ನ ನನಗೆ ಉಸಿರು ಸರಿಯಾಗಿ ಬಂದದ್ದು ಆ ಒಂದು ಗಳಿಗೆ.

"ಕತ್ತಲೆ ರೂಮು ಯಾವುದಿದೆ?" ಅಂತ ಕೇಳಿದೆ.

ಮೆಟ್ಟಿಲ ಕೆಳಗಿನ ಪುಟ್ಟ ಸಾಮಾನು ಕೋಣೆಯನ್ನು ದೇವರ ಮನೆ ಮಾಡಿದ್ದರು. ಕಿಟಕಿ ಇಲ್ಲ. ಒಳಗೆ ತುಪ್ಪದ ದೀಪ ಉರಿಯುತ್ತಿತ್ತು. ಇದಕ್ಕಿಂತ ಒಳ್ಳೆಯ ಜಾಗ ಯಾವ ಲ್ಯಾಬಿನಲ್ಲೂ ಇಲ್ಲ.

ಚೇತನಾ ಕಾಲು ತೊಳೆದು ಬಂದು ಒಳಗೆ ಕೂತಳು. ಆಂಟಿ ಅವಳ ಪಕ್ಕ ಕೂತರು. ನಾನು ಹೊಸ್ತಿಲಾಚೆ ನಿಂತೆ. ಆಂಟಿ ಬನ್ನಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಇನ್ನೊಬ್ಬರ ದೇವರ ಮನೆಗೆ ಕಾಲಿಡಬಾರದು ಅಂತ ನಮ್ಮ ಅಮ್ಮಿ ಕಲಿಸಿದ್ದು ನಾನು ಇಷ್ಟುದ್ದ ಇದ್ದಾಗ. ಅಲ್ಲಿಂದಲೇ ಫೋನ್ ಎತ್ತಿ ಹಿಡಿದೆ.

ಅವಳು ಹಾಳೆಯನ್ನು ದೀಪದ ಪಕ್ಕಕ್ಕೆ ತಂದಳು. ಬೆಳಕು ಕಾಗದದ ಮೇಲೆ ಅಡ್ಡಡ್ಡ ಹರಿಯಿತು.

ಸೇತುವೆ ಎದ್ದಿತು.

ಕಮಾನು, ದೀಪದ ಕಂಬ, ಕಲ್ಲಿನ ಅಂಚು, ದೂರದ ಮನೆಗಳ ಚಿಮಣಿ... ಬಿಳಿಯೊಳಗಿಂದ ಬಿಳಿಯಾಗಿಯೇ ಎದ್ದು ಬಂದವು. ಜ್ವಾಲೆ ಅಲುಗಿದ ಹಾಗೆಲ್ಲ ಊರು ಅಲುಗಿತು.

"ಸೇತುವೆ ಇದೆ," ಅಂದರು ಆಂಟಿ. "ಅವಳೆಲ್ಲಿ?"

"ಅವಳು ತಾಮ್ರದ ತಗಡಿನಲ್ಲಿ ಇರ್ಲೇ ಇಲ್ಲ ಆಂಟಿ." ಪಾಠ ಹೇಳುವ ಉತ್ಸಾಹ ಬಂದಿತ್ತು ಹುಡುಗಿಗೆ. "ಅಚ್ಚು ಹಾಕೋನು ತಗಡಿನ ಮೇಲೆ ಒಂದು ಪದರ ಮಸಿ ಬೇಕಂತಲೇ ಬಿಟ್ಟಿದಾನೆ, ಅದೇ ಮಂಜು. ಆ ಮಸೀಲಿ ಹೆಬ್ಬೆರಳಿಂದ ಇಷ್ಟು ಜಾಗ ಒರೆಸಿದಾನೆ, ಅದೇ ಅವಳು. ಈ ಒಂದು ಪ್ರತೀಲಿ ಮಾತ್ರ. ಇನ್ನೊಂದು ಸಲ ಮಸಿ ಹಚ್ಚಿದ್ರೆ ಅವಳಿಲ್ಲ."

"ಹಾಗಾದ್ರೆ ಇಲ್ಲಿ... ಅವಳ ಜಾಗ ಖಾಲಿ."

"ಹೌದು ಆಂಟಿ. ಖಾಲಿ."

"ಎಲ್ಲ ಹಾಗೇ ಇದೆ. ದೀಪ ಇದೆ, ದಾರಿ ಇದೆ. ಅವಳು ಬರೋದೊಂದು ಬಾಕಿ."

ಫೋನ್ ಇನ್ನೂ ಫೋಕಸ್ ಹುಡುಕುತ್ತಿತ್ತು.

ಆಂಟಿ ಹಾಳೆಯನ್ನು ಕಿತ್ತುಕೊಳ್ಳಲಿಲ್ಲ. ಊಟ ಮುಗಿದ ತಟ್ಟೆ ಎತ್ತಿಕೊಳ್ಳುವ ಹಾಗೆ ಮೆಲ್ಲಗೆ ಚೇತನಾಳ ಕೈಯಿಂದ ತೆಗೆದುಕೊಂಡರು. ಮೂಲೆಯನ್ನು ದೀಪಕ್ಕೆ ಮುಟ್ಟಿಸಿದರು.

ನೂರು ವರ್ಷ ದಾಟಿದ ಕಾಗದ. ಒಂದೇ ಉಸಿರಿಗೆ ಹತ್ತಿಕೊಂಡಿತು.

ಹೊಸ್ತಿಲಿನಿಂದ ದೀಪಕ್ಕೆ ಒಂದು ಮಾರು ದೂರ. ಹಾರಬಹುದಿತ್ತು. ನನ್ನ ಕಾಲು ಏಳಲಿಲ್ಲ. ಅಮ್ಮಿ ಹಿಡಿದುಕೊಂಡಿದ್ದಳು. ಚೇತನಾ ಬರಿಗೈಯಲ್ಲಿ ಬೆಂಕಿ ಹೊಸಕಿದಳು, ಬೆರಳು ಸುಟ್ಟುಕೊಂಡಳು, ಒಂದು ಶಬ್ದ ಮಾಡಲಿಲ್ಲ. ಮೇಲೆ ಇಂದು ಮಲಗಿದ್ದಾಳೆ ಅಂತ ಆಗಲೂ ನೆನಪಿತ್ತೇನೋ ಅವಳಿಗೆ.

ಆರತಿ ತಟ್ಟೆಯಲ್ಲಿ ಕಪ್ಪು ಚೂರುಗಳು ಉಳಿದವು. ನನ್ನ ಫೋನಿನಲ್ಲಿ ಬಂದ ಫೋಟೋದಲ್ಲಿ ಇದ್ದದ್ದು ಬೆಂಕಿ. ಅದನ್ನು ಹಿಡಿದಿದ್ದ ಎರಡು ಕೈ ಮಾತ್ರ ಸ್ಪಷ್ಟ. ಚೇತನಾಳ ಕೈ.

ಗರಾಜ್ ಬಾಗಿಲು ಏಳುವ ಸದ್ದಾಯಿತು.

ಸೌರಭ್ ಬಂದ. ಹಿಂದೆ ಡೇಲ್. ಸೌರಭ್ ಮೂಗರಳಿಸಿ ವಾಸನೆ ನೋಡಿದ, ತಟ್ಟೆ ನೋಡಿದ. ಅರ್ಥ ಮಾಡಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅಮ್ಮ, ನೀನು ಮೇಲೆ ಹೋಗು. ಇಂದು ಹತ್ರ ಇರು."

"ಸಾರ್," ಅಂದೆ, "ನಿಮ್ಮ ತಾಯಿ ಎಲ್ಲ ಹೇಳಿದಾರೆ."

"ಗೊತ್ತು. ನಂಗೆ ಆವತ್ತೇ ಹೇಳಿದ್ರು." ಕೋಪ ಇರಲಿಲ್ಲ ದನಿಯಲ್ಲಿ. ಸುಸ್ತಿತ್ತು. "ಏನ್ಮಾಡ್ಲಿ ಹೇಳಿ. ಅಮ್ಮನ ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿದೀನಿ. ಪೊಲೀಸ್, ಕೋರ್ಟ್ ಅಂತ ಎಳೀಲಾ? ದೆವ್ವ ನೀರಲ್ಲಿ ಎದ್ದು ಬಂತು ಅಂತ ಇಂದುಗೆ ಹೇಳ್ಲಾ? ಡಾಕ್ಟರ್ ಹಾಸಿಗೆಯಿಂದ ಇಳೀಬೇಡ ಅಂದಿದಾರೆ ಅವಳಿಗೆ."

"ನಾನು?" ಅಂದಳು ಚೇತನಾ.

ಅವನು ಅವಳ ಮುಖ ನೋಡಲಿಲ್ಲ. "ಐಯಾಮ್ ಸಾರಿ. ನಿಜವಾಗ್ಲೂ."

ಚೇತನಾ ಮೆಟ್ಟಿಲ ಹತ್ತಿರ ಹೋಗಿ ಆಂಟಿಯ ಸ್ವೆಟರ್ ತೋಳು ಹಿಡಿದಳು. "ಒಂದೇ ಒಂದು ಮಾತು ಹೇಳಿ ಆಂಟಿ. ಇವರ ಫೋನಿಗೆ. ನಾನು ಕಳ್ಳಿ ಅಲ್ಲ ಅಂತ."

ಆಂಟಿಯ ಕಣ್ಣು ತುಂಬಿತು. ಅವಳ ಸುಟ್ಟ ಬೆರಳನ್ನು ತಮ್ಮ ಸೆರಗಿನಲ್ಲಿ ಸುತ್ತಿದರು.

"ಹೇಳ್ತೀನಿ ಕಣಮ್ಮ. ದೇವರಾಣೆ ಹೇಳ್ತೀನಿ. ಮಗು ಹುಟ್ಟಲಿ, ಆಮೇಲೆ ಹೇಳ್ತೀನಿ."

ಡೇಲ್ ನಮಗೆ ಬಾಗಿಲು ತೆರೆದು ಹಿಡಿದ. ಬಂಪರಿಗೆ ಎಷ್ಟಾಗುತ್ತದೆ ಹೇಳಿ ಅಂತಲೂ ಕೇಳಿದ.

ವಾಪಸ್ ಬರುವಾಗ ಕೆರೊಲಿನಾ ಗಡಿ ದಾಟಿದ ಮೇಲೆ ಅವಳೇ ಕೇಳಿದಳು.

"ಅಂಕಲ್, ನೀವು ನನ್ನ ನಂಬ್ತೀರ ತಾನೇ?"

"ನಂಬ್ತೀನಿ."

"ಅಷ್ಟು ಸಾಕಾಗಲ್ಲ ಅಲ್ವಾ?"

"ಸಾಕಾಗಲ್ಲ ಕಣಮ್ಮ."

ನಡೆದದ್ದೆಲ್ಲ ನಡೆದ ಹಾಗೆ ಬರೆದುಕೊಟ್ಟೆ. ನಮ್ಮ ಮ್ಯಾನೇಜರ್ ಓದಿ ಕನ್ನಡಕ ತೆಗೆದಿಟ್ಟ. ನೀನು ಸಾಕ್ಷಿಯನ್ನು ಆರೋಪಿಯ ಕೈಗೆ ಕೊಟ್ಟೆ, ಆರೋಪಿ ಅದನ್ನು ದೀಪಕ್ಕೆ ಹಿಡಿದಳು, ನೀನು ಬಾಗಿಲಲ್ಲಿ ನಿಂತು ಫೋಟೋ ತೆಗೆದೆ, ಇದೇ ತಾನೆ? ಅಂದ. ಅದೇ ಅಂದೆ. ನನ್ನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಸಾಕ್ಷಿ ಸುಟ್ಟವಳೂ ಚೇತನಾ ಅಂತ ಸೌರಭ್ ಮತ್ತು ಡೇಲ್ ಹೇಳಿಕೆ ಕೊಟ್ಟರು. ಆಲ್ಡಿಯಲ್ಲಿ ಬೆಳಗಿನ ವಾಕಿಂಗ್ ಹೊತ್ತಿಗೆ ಅವಳ ಬಾಗಿಲಿಗೆ ಪೊಲೀಸರು ಬಂದರು. ನಾಯಿ ಓಡಾಡಿಸುತ್ತಿದ್ದವರೆಲ್ಲ ನಿಂತು ನೋಡಿದರಂತೆ. ಬೆರಳಿನ ಬ್ಯಾಂಡೇಜನ್ನೂ ಫೋಟೋ ತೆಗೆದುಕೊಂಡರಂತೆ.

ನೀವು ಅವಳ ಲಾಯರ್. ಕೇಳಿದಿರಿ, ಹೇಳಿದೆ. ಕೋರ್ಟಿಗೆ ಕರೆದರೆ ಬಂದು ಇದನ್ನೇ ಹೇಳುತ್ತೇನೆ. ಯಾರೂ ನಂಬುವುದಿಲ್ಲ ಅಂತ ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ.

ಈ ಕೇಸಿನಲ್ಲಿ ಬಿಡುಗಡೆಯಾದವಳು ಒಬ್ಬಳೇ. ಇಷ್ಟು ಹೊತ್ತಿಗೆ ಚಟಹೂಚಿ ನದಿಯಲ್ಲಿ ತೇಲಿಕೊಂಡು ಜಾರ್ಜಿಯಾ ದಾಟಿರುತ್ತಾಳೆ. ಅವಳ ವೀಸಾ ಯಾರೂ ಕೇಳುವುದಿಲ್ಲ.